ಪಟ್ಟರ್ ಕೊಳ್ಳೋ ಮುಂಚೆ ಇಪ್ಪತ್ತು ಚೆಂಡು

ಹೋದ ರಜೆಯಲ್ಲಿ ಮಾಡಿದ ಇಂಟರ್ನ್‌ಶಿಪ್‌ನ ಸ್ಟೈಪೆಂಡ್ ಬಂದ ವಾರವೇ ನಾನು 17,000 ರೂಪಾಯಿ ಕೊಟ್ಟು ಒಂದು ಪಟ್ಟರ್ ತಗೊಂಡೆ. ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಗಾಲ್ಫಾ? ನೀನಾ?" ಕೇಳಬೇಕಾದ ಪ್ರಶ್ನೆಯೇ. ನಮ್ಮಪ್ಪ ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷದಿಂದ ಕ್ಯಾಡಿ. ಆಟಗಾರರ ಬ್ಯಾಗ್ ಹೊರೋದು, ಚೆಂಡು ಎಲ್ಲಿ ಬಿತ್ತು ಅಂತ ಕಣ್ಣಿಡೋದು, ಗ್ರೀನ್ ಯಾವ ಕಡೆ ಇಳಿಜಾರು ಅಂತ ಹೇಳೋದು ಅವರ ಕೆಲಸ. ಅವರ ಹತ್ತಿರ ಇರೋ ಒಂದೇ ಒಂದು ಪಟ್ಟರ್, ಯಾರೋ ಮೆಂಬರ್ ಬಳಸಿ ಬೇಡ ಅಂತ ಕೊಟ್ಟದ್ದು. ಗ್ರಿಪ್ ಹರಿದುಹೋಗಿ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ನಾನು ಕಲಿತದ್ದು ಅದರಲ್ಲೇ.

ಹೊಸ ಪಟ್ಟರ್ ಅಂಗಡಿಯ ಕಾರ್ಪೆಟ್ ಮೇಲೆ ಚಿನ್ನದಂತಿತ್ತು. ಒಂದು ಮೀಟರ್ ದೂರದಿಂದ ಹೊಡೆದದ್ದೆಲ್ಲ ಒಳಗೆ. ಆದರೆ ಡ್ರೈವಿಂಗ್ ರೇಂಜ್‌ನ ಅಭ್ಯಾಸದ ಗ್ರೀನ್‌ಗೆ ಹೋಗಿ 8 ಮೀಟರ್‌ನಿಂದ ಹೊಡೆದರೆ ಒಂದು ಚೆಂಡು ಗುಳಿ ದಾಟಿ ಒಂದೂವರೆ ಮೀಟರ್ ಮುಂದೆ, ಇನ್ನೊಂದು ಒಂದು ಮೀಟರ್ ಹಿಂದೆ. ಅಪ್ಪ ಸುಮ್ಮನೆ ನೋಡ್ತಾ ನಿಂತಿದ್ದರು. ಕೊನೆಗೆ, "ಸಾಮಾನು ಚೆನ್ನಾಗೇ ಐತೆ ಕಣೋ. ನಿನ್ ಕೈಗೇ ಅದ್ರ ಪರಿಚಯ ಆಗಿಲ್ಲ," ಅಂದ್ರು. ಮೆಕ್ಯಾನಿಕಲ್ ಓದೋ ಮಗನಿಗೆ ಇಷ್ಟು ಉತ್ತರ ಸಾಲುತ್ತಾ? ಪರಿಚಯ ಅಂದ್ರೆ ಏನು, ಅದನ್ನು ಅಳೆಯೋಕೆ ಆಗುತ್ತಾ ಅಂತ ತಲೆ ಕೆಡಿಸಿಕೊಂಡದ್ದರ ಫಲ ಈ ಲೇಖನ.

ಗಾಲ್ಫ್ ಗೊತ್ತಿಲ್ಲದವರಿಗೆ ಎರಡು ಮಾತು. ಗುಳಿಯ ಸುತ್ತ ಹುಲ್ಲನ್ನು ತುಂಬಾ ಗಿಡ್ಡಕ್ಕೆ ಕತ್ತರಿಸಿದ ಜಾಗವೇ ಗ್ರೀನ್. ಅಲ್ಲಿ ಚೆಂಡನ್ನು ಗಾಳಿಗೆ ಎತ್ತದೆ ನೆಲದ ಮೇಲೆ ಉರುಳಿಸುವ ಕೋಲು ಪಟ್ಟರ್. ಗುಳಿಯ ವ್ಯಾಸ 108 ಮಿ.ಮೀ., ಚೆಂಡಿನದು ಸುಮಾರು 43 ಮಿ.ಮೀ. ಬ್ಯಾಗಿನಲ್ಲಿ 14 ಕೋಲು ಇಟ್ಕೊಬಹುದು, ಆದರೆ 72 ಹೊಡೆತದ ಕೋರ್ಸ್‌ನಲ್ಲಿ ಗುಳಿಗೆ ಎರಡರಂತೆ 36 ಹೊಡೆತ ಪಟ್ಟರ್‌ದೇ ಅಂತ ಲೆಕ್ಕ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೇವಲ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೇ ಸ್ಥಾನ ಪಡೆದದ್ದು ನೆನಪಿರಬಹುದು. ಬೇರೆಯವರಷ್ಟು ದೂರ ಹೊಡೆಯದ ಅವರು ಅಲ್ಲಿತನಕ ಬಂದದ್ದು ಮುಖ್ಯವಾಗಿ ಪಟ್ಟಿಂಗ್‌ನ ಬಲದ ಮೇಲೆ.

ದಿಕ್ಕಲ್ಲ, ದೂರ

ಹೊಸಬರೆಲ್ಲ ದಿಕ್ಕಿನ ಬಗ್ಗೆ ಚಿಂತೆ ಮಾಡ್ತಾರೆ. ಲೆಕ್ಕ ಬೇರೆಯೇ ಹೇಳುತ್ತೆ. ಘರ್ಷಣೆಯಿಂದ ನಿಧಾನವಾಗಿ ನಿಲ್ಲುವ ಚೆಂಡು ಹೋಗುವ ದೂರ, ಆರಂಭದ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತೆ. ಪಿಯುಸಿಯಲ್ಲಿ ಓದಿದ್ದೇ ಇದು. ಹಾಗಾಗಿ ವೇಗದಲ್ಲಿ 5% ತಪ್ಪಾದರೆ ದೂರದಲ್ಲಿ ಸುಮಾರು 10% ತಪ್ಪು. 10 ಮೀಟರ್ ಪಟ್‌ನಲ್ಲಿ ಅದು ಒಂದು ಮೀಟರ್. ಅದೇ 10 ಮೀಟರ್‌ನಲ್ಲಿ ದಿಕ್ಕು ಒಂದು ಡಿಗ್ರಿ ತಪ್ಪಿದರೆ ಚೆಂಡು ಪಕ್ಕಕ್ಕೆ ಸರಿಯೋದು 17 ಸೆಂ.ಮೀ. ಮಾತ್ರ. ಎರಡನೇ ಹೊಡೆತಕ್ಕೆ ಮೀಟರ್‌ಗಟ್ಟಲೆ ಉಳಿಸಿ, ಮೂರನೇದಕ್ಕೂ ದಾರಿ ಮಾಡೋದು ಸಾಮಾನ್ಯವಾಗಿ ದೂರದ ತಪ್ಪೇ.

ಇದರ ಮೇಲೆ ಗ್ರೀನ್ ಕೂಡ ದಿನಕ್ಕೊಂದು ಥರ. ಹಾಸ್ಟೆಲ್ ಕೇರಂ ಬೋರ್ಡಿಗೆ ಯಾರೋ ಪೌಡರ್ ಜಾಸ್ತಿ ಸುರಿದ ದಿನ ನಿಮ್ಮ ಸ್ಟ್ರೈಕರ್ ಏನಾಗುತ್ತೆ ನೆನಪಿಸಿಕೊಳ್ಳಿ, ಹಾಗೇ ಇದು. ಇದನ್ನು ಅಳೆಯೋಕೆ ಸ್ಟಿಂಪ್‌ಮೀಟರ್ ಅಂತ ಒಂದು ಸರಳ ಸಾಧನ ಇದೆ. ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆರಿಕದ ಆಟಗಾರ 1935ರಲ್ಲಿ ಮಾಡಿದ್ದು. ಗಾಡಿ ಇರುವ ಒಂದು ಪಟ್ಟಿ, ಮೇಲ್ಭಾಗದಲ್ಲಿ ಚೆಂಡು ಕೂರೋಕೆ ಒಂದು ಕಚ್ಚು. ಪಟ್ಟಿಯನ್ನು ನಿಧಾನಕ್ಕೆ ಎತ್ತಿದರೆ ಒಂದು ಕೋನಕ್ಕೆ ಬಂದಾಗ ಚೆಂಡು ತಾನೇ ಉರುಳುತ್ತೆ, ಅಂದ್ರೆ ಪ್ರತಿ ಸಲವೂ ಅದೇ ವೇಗ, ಸೆಕೆಂಡಿಗೆ ಸುಮಾರು 1.83 ಮೀಟರ್. ಎಷ್ಟು ಅಡಿ ಹೋಯ್ತೋ ಅದೇ ಆ ಗ್ರೀನ್‌ನ ಅಂಕ. 8 ಇರುವ ಗ್ರೀನ್‌ನಿಂದ 11ರ ಗ್ರೀನ್‌ಗೆ ಹೋದರೆ ಅದೇ ಹೊಡೆತ 37% ಜಾಸ್ತಿ ದೂರ ಹೋಗುತ್ತೆ. ಯಾವ ಪಟ್ಟರ್ ಕೊಂಡರೂ ಈ ವ್ಯತ್ಯಾಸವನ್ನು ನಿಮ್ಮ ಬದಲು ಅದು ಲೆಕ್ಕ ಹಾಕಲ್ಲ. ಹಾಗಿದ್ರೆ ಪಟ್ಟರ್‌ಗೆ ಏನು ಸಾಧ್ಯ?

ಜನರಲ್ ಎಲೆಕ್ಟ್ರಿಕ್‌ನ ಒಬ್ಬ ಎಂಜಿನಿಯರ್

ಕಾರ್ಸ್ಟನ್ ಸೋಲ್ಹೈಮ್ ನಾರ್ವೆಯಲ್ಲಿ 1911ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವರು. ದುಡ್ಡಿಲ್ಲದೆ ಕಾಲೇಜು ಬಿಟ್ಟು ಚಪ್ಪಲಿ ಬೂಟು ರಿಪೇರಿ ಮಾಡಿದರು, ಮುಂದೆ ಮೆಕ್ಯಾನಿಕಲ್ ಎಂಜಿನಿಯರ್ ಆಗಿ ಜನರಲ್ ಎಲೆಕ್ಟ್ರಿಕ್ ಸೇರಿದರು. ಗಾಲ್ಫ್ ಹಿಡಿದದ್ದು ನಲವತ್ತು ದಾಟಿದ ಮೇಲೆ, ಸಹೋದ್ಯೋಗಿಗಳ ಜೊತೆ. ಪಟ್ಟಿಂಗ್ ಮಾತ್ರ ಕೈಗೆ ಹತ್ತಲಿಲ್ಲ. ನಾವಾಗಿದ್ರೆ ಕೈಯನ್ನು ಬೈಕೊಳ್ತಿದ್ವಿ, ಅವರು ಕೋಲನ್ನು ಅನುಮಾನಿಸಿದರು.

ಆಗಿನ ಪಟ್ಟರ್‌ಗಳು ಒಂದು ತೆಳು ಲೋಹದ ಪಟ್ಟಿ. ನಡುವಿನಿಂದ ಸ್ವಲ್ಪ ಆಚೆ ಈಚೆ ಚೆಂಡು ತಗುಲಿದರೆ ತಲೆ ಕೈಯಲ್ಲೇ ತಿರುಗಿಬಿಡೋದು. ಸೋಲ್ಹೈಮ್ ತೂಕವನ್ನು ನಡುವಿನಿಂದ ತೆಗೆದು ಎರಡು ತುದಿಗೆ ಹಾಕಿದರು. 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ಮಾಡಿದ ಆ ಪಟ್ಟರ್ ಚೆಂಡಿಗೆ ತಗುಲಿದಾಗ "ಪಿಂಗ್" ಅಂತ ಸದ್ದು ಮಾಡ್ತಿತ್ತು, ಅದೇ ಕಂಪನಿಯ ಹೆಸರಾಯ್ತು. 1966ರಲ್ಲಿ ಇನ್ನೊಂದು ವಿನ್ಯಾಸ ಹೊಳೆದಾಗ ಕೈಗೆ ಸಿಕ್ಕ ಗ್ರಾಮಫೋನ್ ರೆಕಾರ್ಡ್‌ನ ಕವರ್ ಮೇಲೇ ಗೀಚಿಕೊಂಡರಂತೆ. ಅದೇ "ಆನ್ಸರ್". ಇಂಗ್ಲಿಷಿನ ಆ ಪದ ಪಟ್ಟರ್ ಮೇಲೆ ಹಿಡಿಸಲ್ಲ ಅಂದಾಗ, ಒಂದು ಅಕ್ಷರ ಕಿತ್ತುಹಾಕಿ ಅಂತ ಹೇಳಿದ್ದು ಹೆಂಡತಿ ಲೂಯಿಸ್. ಇವತ್ತು ಯಾವ ಅಂಗಡಿಗೆ ಹೋದರೂ ಅದರ ತಮ್ಮ ತಂಗಿಯರು ಕಾಣಿಸ್ತಾರೆ. ಅಪ್ಪನ ಹಳೇ ಪಟ್ಟರ್ ಕೂಡ ಆ ವಂಶದ್ದೇ.

ತುದಿಗೆ ತೂಕ ಹಾಕಿದರೆ ಏನಾಯ್ತು? ಮೊಮೆಂಟ್ ಆಫ್ ಇನರ್ಷಿಯಾ ಜಾಸ್ತಿ ಆಯ್ತು. ನಾವೇ ಲೆಕ್ಕ ಹಾಕೋಣ. ಪಟ್ಟರ್ ತಲೆ 350 ಗ್ರಾಂ, ಚೆಂಡು 46 ಗ್ರಾಂ ಅಂತ ಇಟ್ಕೊಳ್ಳಿ. ಚೆಂಡು ನಡುವಿನಿಂದ 1.5 ಸೆಂ.ಮೀ. ಆಚೆ ತಗುಲಿತು. ಆಗ ತಲೆಯ ಪರಿಣಾಮಕಾರಿ ದ್ರವ್ಯರಾಶಿ ಕಡಿಮೆ ಆಗುತ್ತೆ: ಒಂದರ ಕೆಳಗೆ ದ್ರವ್ಯರಾಶಿ, ಅದಕ್ಕೆ ಆಚೆ ಸರಿದ ದೂರದ ವರ್ಗವನ್ನು ಇನರ್ಷಿಯಾದಿಂದ ಭಾಗಿಸಿದ್ದು ಕೂಡಿಸಬೇಕು. ಇನರ್ಷಿಯಾ 4,000 ಗ್ರಾಂ-ಚದರ ಸೆಂ.ಮೀ. ಇದ್ದರೆ ಚೆಂಡಿನ ವೇಗ ಸುಮಾರು 2.2% ಇಳಿಯುತ್ತೆ. ದೂರದಲ್ಲಿ ಅದು 4.4%, ಅಂದ್ರೆ 10 ಮೀಟರ್‌ಗೆ 44 ಸೆಂ.ಮೀ. ಕಡಿಮೆ. ಇನರ್ಷಿಯಾ 8,000 ಮಾಡಿ, ನಷ್ಟ 22 ಸೆಂ.ಮೀ.ಗೆ ಇಳಿಯುತ್ತೆ. ಹಿಂದಕ್ಕೆ ಚಾಚಿಕೊಂಡ ದಪ್ಪ ತಲೆಯ ಮ್ಯಾಲೆಟ್ ಪಟ್ಟರ್‌ಗಳನ್ನು ಮಾರೋದು ಈ ಲಾಭದ ಹೆಸರಲ್ಲೇ, ಅದು ಸುಳ್ಳೂ ಅಲ್ಲ. ನಾನು ಕೊಂಡದ್ದು ಅಂಥದ್ದೇ.

ಈಗ ತೂಕದ ಲೆಕ್ಕ ನೋಡಿ, ನನಗೆ ಆಶ್ಚರ್ಯ ಆದದ್ದು ಇಲ್ಲಿ. "ಭಾರದ ತಲೆ ಚೆಂಡನ್ನು ಜೋರಾಗಿ ತಳ್ಳುತ್ತೆ" ಅಂತ ಎಲ್ಲರೂ ಹೇಳ್ತಾರೆ. ತಲೆಯನ್ನು 350 ಗ್ರಾಂನಿಂದ 370 ಮಾಡಿ, ಬೀಸುವ ವೇಗ ಅಷ್ಟೇ ಇಡಿ. ಢಿಕ್ಕಿಯ ಸಮೀಕರಣದಿಂದ ಚೆಂಡಿನ ವೇಗ ಏರೋದು 0.6% ಮಾತ್ರ. 10 ಮೀಟರ್‌ಗೆ 12-13 ಸೆಂ.ಮೀ., ಮುಗೀತು. ಹಾಗಾದ್ರೆ ನನ್ನ ಚೆಂಡು ಒಂದೂವರೆ ಮೀಟರ್ ಮುಂದೆ ಹೋದದ್ದು ಯಾಕೆ? ತೂಕ ಬದಲಿಸಿದ್ದು ಢಿಕ್ಕಿಯನ್ನಲ್ಲ, ನನ್ನ ಬೀಸನ್ನು. ಭಾರದ ತಲೆಯನ್ನು ಕೈ ಬೇರೆ ಥರ ಹಿಂದಕ್ಕೆ ಒಯ್ಯುತ್ತೆ, ಬೇರೆ ಥರ ಬಿಡುತ್ತೆ. ವರ್ಷಗಟ್ಟಲೆ ಹಳೇ ಪಟ್ಟರ್ ಜೊತೆ ಕೈ ಕಲಿತಿದ್ದ "ಇಷ್ಟು ಹಿಂದಕ್ಕೆ ತಂದರೆ ಇಷ್ಟು ದೂರ" ಎಂಬ ಕ್ಯಾಲಿಬ್ರೇಷನ್ ಹಾಳಾಗಿತ್ತು. ಅಪ್ಪ ಹೇಳಿದ "ಪರಿಚಯ" ಇದೇ.

ಫೀಲ್ ಅಂದ್ರೆ ಏನು

ಅಂಗಡಿಯವರು ಅತಿ ಹೆಚ್ಚು ಬಳಸೋ ಪದ ಇದು. ಚೆಂಡು ಮತ್ತು ಪಟ್ಟರ್ ಒಂದಕ್ಕೊಂದು ಅಂಟಿರೋದು ಅರ್ಧ ಮಿಲಿಸೆಕೆಂಡ್ ಆಸುಪಾಸು. ಕೈಯಿಂದ ಮಿದುಳಿಗೆ ಸುದ್ದಿ ಮುಟ್ಟೋಕೆ ಹತ್ತಾರು ಮಿಲಿಸೆಕೆಂಡ್ ಬೇಕು. ನಿಮಗೆ "ಆಹಾ" ಅನ್ನಿಸೋ ಹೊತ್ತಿಗೆ ಚೆಂಡು ಹೊರಟಾಗಿದೆ. ಅಂದ್ರೆ ಫೀಲ್ ಈ ಹೊಡೆತವನ್ನು ತಿದ್ದಲ್ಲ, ಮುಂದಿನ ಹೊಡೆತಕ್ಕೆ ಸಿಗುವ ಫೀಡ್‌ಬ್ಯಾಕ್ ಅಷ್ಟೇ. ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಫೀಡ್‌ಬ್ಯಾಕ್‌ನ ದೊಡ್ಡ ಪಾಲು ಕಿವಿಯಿಂದ ಬರುತ್ತೆ. ನಂಬಿಕೆ ಇಲ್ಲದಿದ್ರೆ ಇಯರ್‌ಪ್ಲಗ್ ಹಾಕಿಕೊಂಡು ಹತ್ತು ಪಟ್ ಹೊಡೆದು ನೋಡಿ. ಲೋಹವನ್ನೇ ಕೊರೆದು ಮಾಡಿದ ಮುಖದ ಪಟ್ಟರ್ ಚುರುಕಾಗಿ ಸದ್ದು ಮಾಡುತ್ತೆ, ಮುಖದಲ್ಲಿ ಪ್ಲಾಸ್ಟಿಕ್‌ನಂಥ ಮೆತ್ತನೆ ಇನ್ಸರ್ಟ್ ಕೂರಿಸಿದ್ದು ಮಂದವಾಗಿ. ಒಳ್ಳೇದು ಕೆಟ್ಟದ್ದು ಅಂತಿಲ್ಲ. ನಡುವೆ ತಗುಲಿದ್ದಕ್ಕೂ ಆಚೆ ತಗುಲಿದ್ದಕ್ಕೂ ಸದ್ದಿನಲ್ಲಿ ವ್ಯತ್ಯಾಸ ನಿಮಗೆ ಗೊತ್ತಾಗ್ತಿದೆಯಾ ಅನ್ನೋದೇ ಮುಖ್ಯ. ಇಲ್ಲೊಂದು ಕೊಟ್ಟು ತಗೊಳ್ಳೋ ವ್ಯವಹಾರ ಇದೆ: ಇನರ್ಷಿಯಾ ಜಾಸ್ತಿ ಇರುವ ತಲೆ ತಪ್ಪನ್ನು ಮನ್ನಿಸುತ್ತೆ, ಅದರ ಜೊತೆಗೇ ತಪ್ಪಾಯ್ತು ಅನ್ನೋ ಸುದ್ದಿಯನ್ನೂ ಮಂದ ಮಾಡುತ್ತೆ. ವಾರಕ್ಕೊಮ್ಮೆ ಆಡುವವರಿಗೆ ಮನ್ನಿಸೋದು ಬೇಕು. ದಿನಾ ಅಭ್ಯಾಸ ಮಾಡಿ ಕಲಿಯುವವರಿಗೆ ಸುದ್ದಿ ಬೇಕು ಅಂತ ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಉಳಿದ ವಿಷಯಗಳು ಬೇಗ ಮುಗಿಯುತ್ತವೆ. ಉದ್ದ: ಅಂಗಡಿಯಲ್ಲಿ ಸಾಮಾನ್ಯವಾಗಿ 33ರಿಂದ 35 ಇಂಚು ಸಿಗುತ್ತೆ. ಬಗ್ಗಿ ನಿಂತಾಗ ಕೈ ಆರಾಮಾಗಿ ಜೋತುಬಿದ್ದು ಕಣ್ಣು ಚೆಂಡಿನ ಮೇಲೆ ಬರಬೇಕು. ಎತ್ತರದವರಿಗೆ ಉದ್ದದ್ದು ಅನ್ನೋ ನಿಯಮ ಇಲ್ಲ, ನೀವು ಎಷ್ಟು ಬಗ್ಗುತ್ತೀರಿ ಅನ್ನೋದರ ಮೇಲಿದೆ. ಆಮೇಲೆ ಕೋಲನ್ನು ಬೆರಳ ಮೇಲೆ ಅಡ್ಡಲಾಗಿ ತೂಗಿಸಿ ನೋಡಿ. ಮುಖ ಆಕಾಶ ನೋಡಿದರೆ ಅದು ನೇರವಾಗಿ ಹಿಂದೆ ಮುಂದೆ ಬೀಸುವವರಿಗೆ, ಮೂತಿ ನೆಲದ ಕಡೆ ಬಾಗಿದರೆ ಬಾಗಿಲು ತೆರೆದು ಮುಚ್ಚುವಂತೆ ಬೀಸುವವರಿಗೆ ಹೊಂದುತ್ತೆ ಅಂತ ಹೇಳ್ತಾರೆ.

ಟೇಪು ಹಿಡಿದು

ಈಗ ಪರೀಕ್ಷೆ. ಸಮತಟ್ಟಾದ ಜಾಗದಲ್ಲಿ 8 ಮೀಟರ್ ದೂರಕ್ಕೆ ಒಂದು ದಾರ ಹಾಸಿ. ಗುಳಿ ಬೇಡ, ಗುಳಿ ಇದ್ದರೆ ಒಳಗೆ ಬಿದ್ದ ಚೆಂಡು ಎಷ್ಟು ಜೋರಾಗಿತ್ತು ಅಂತ ಗೊತ್ತೇ ಆಗಲ್ಲ. ಒಂದೊಂದು ಪಟ್ಟರ್‌ನಿಂದ 20 ಚೆಂಡು, ಐದೈದರಂತೆ ಅದಲು ಬದಲು ಮಾಡುತ್ತಾ. ಒಂದರಲ್ಲೇ ಇಪ್ಪತ್ತೂ ಹೊಡೆದು ಆಮೇಲೆ ಇನ್ನೊಂದು ಹಿಡಿದರೆ, ಅಷ್ಟರಲ್ಲಿ ಗ್ರೀನ್ ಅಭ್ಯಾಸವಾಗಿ ಎರಡನೇದಕ್ಕೆ ಪುಕ್ಕಟೆ ಲಾಭ. ಪ್ರತಿ ಚೆಂಡು ನಿಂತ ದೂರ ಬರೆದುಕೊಳ್ಳಿ.

ನನ್ನ ನೋಟ್‌ಬುಕ್ಕಿನಲ್ಲಿ ಬಂದದ್ದು ಹೀಗೆ: ಅಪ್ಪನ ಹಳೇದರ ಸರಾಸರಿ 7.7 ಮೀ., ಸ್ಟ್ಯಾಂಡರ್ಡ್ ಡೀವಿಯೇಷನ್ 45 ಸೆಂ.ಮೀ. ಹೊಸದರ ಸರಾಸರಿ 8.1 ಮೀ., ಡೀವಿಯೇಷನ್ 80 ಸೆಂ.ಮೀ. ಸರಾಸರಿ ನೋಡಿದರೆ ಹೊಸದೇ ಗೆದ್ದಂತೆ. ಅಲ್ಲೇ ಮೋಸ ಹೋಗೋದು. ಸರಾಸರಿ 30 ಸೆಂ.ಮೀ. ಕಡಿಮೆ ಇದ್ದರೆ ಒಂಚೂರು ಜೋರಾಗಿ ಹೊಡೆಯೋದು ಎರಡು ದಿನದಲ್ಲಿ ಬರುತ್ತೆ. ಚದುರಿದ್ದನ್ನು ಯಾವ ಕಡೆಗೆ ಅಂತ ತಿದ್ದೋದು? ಕೊಳ್ಳುವಾಗ ನೋಡಬೇಕಾದ್ದು ಆ ಚದುರುವಿಕೆ. ಆದರೆ 20 ಚೆಂಡಿನ ಡೀವಿಯೇಷನ್‌ನಲ್ಲೇ ಸುಮಾರು 16% ಅನಿಶ್ಚಿತತೆ ಇರುತ್ತೆ. ಎರಡು ಪಟ್ಟರ್ ನಡುವೆ ಅಷ್ಟೇ ವ್ಯತ್ಯಾಸ ಇದ್ದರೆ ಕಣ್ಮುಚ್ಚಿ ಅಗ್ಗದ್ದು ತಗೊಳ್ಳಿ.

ಪ್ರಾಮಾಣಿಕವಾಗಿ ಇನ್ನೊಂದು ವಿಷಯ ಹೇಳಬೇಕು. ಮೂರು ವಾರ ಹೊಸದರಲ್ಲೇ ಅಭ್ಯಾಸ ಮಾಡಿ ಮತ್ತೆ ಅಳೆದೆ. 80 ಇದ್ದದ್ದು 55ಕ್ಕೆ ಇಳಿದಿತ್ತು. ಅಂದ್ರೆ ನನ್ನ ಮೊದಲ ಪರೀಕ್ಷೆ ಪಟ್ಟರ್ ಜೊತೆಗೆ ಪರಿಚಯವನ್ನೂ ಅಳೆದಿತ್ತು. ಇನ್ನೂ ಮೂರು ತಿಂಗಳು ಕೊಟ್ಟಿದ್ದರೆ 45ಕ್ಕಿಂತ ಕೆಳಗೆ ಬರ್ತಿತ್ತೋ ಏನೋ. ಅಷ್ಟರಲ್ಲಿ ಮೆಸ್ ಬಿಲ್ ಕಟ್ಟಬೇಕಾಯ್ತು, 11,000ಕ್ಕೆ ಮಾರಿದೆ. ಉಳಿದ ದುಡ್ಡಲ್ಲಿ ಅಪ್ಪನ ಪಟ್ಟರ್‌ಗೆ ಹೊಸ ಗ್ರಿಪ್ ಹಾಕಿಸಿದೆ. ಹಾಕಿಸಿದ ಮೇಲೆ ಅವರು ಎರಡು ಸಲ ಬೀಸಿ ನೋಡಿ, "ಟ್ಯೂಬೇ ಚೆನ್ನಾಗಿತ್ತು," ಅಂದ್ರು. ಆ ಗ್ರಿಪ್‌ದೂ ಇಪ್ಪತ್ತು ಚೆಂಡಿನ ಲೆಕ್ಕ ಆಗಬೇಕು. ಟೇಪು, ದಾರ ಎರಡೂ ನನ್ನ ರೂಮಲ್ಲಿವೆ, ಬೇಕಾದವರು ತಗೊಂಡು ಹೋಗಿ.