ಆರನೆಯ ವರ್ಷದ ದವಡೆಹಲ್ಲು ಮತ್ತು ದಂತ ತಪಾಸಣೆ

ಹಾಲುಹಲ್ಲು ಹೇಗೂ ಬೀಳುವುದೆಂಬ ಉದಾಸೀನ ಮನೆಗಳಲ್ಲಿ ಸಾಮಾನ್ಯ. ಇದರ ಹೊಡೆತ ಮೊದಲ ಶಾಶ್ವತ ದವಡೆಹಲ್ಲಿಗೂ ತಗಲುತ್ತದೆ. ಸುಮಾರು ಆರನೆಯ ವಯಸ್ಸಿನಲ್ಲಿ ಅದು ಹಾಲುಹಲ್ಲುಗಳ ಹಿಂದೆ ಮೂಡುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ತಾಯಿತಂದೆಯರು ಅದನ್ನೂ ಹಾಲುಹಲ್ಲೆಂದೇ ಎಣಿಸುತ್ತಾರೆ. ಹುಳುಕು ಹಿಡಿದು ಕೀಳಿಸಿದರೆ ಅದಕ್ಕೆ ಬದಲಾಗಿ ಮತ್ತೊಂದು ಹುಟ್ಟದು. ಒಂದನೆಯ, ಎರಡನೆಯ ತರಗತಿಯ ಮಕ್ಕಳ ತಪಾಸಣೆಯನ್ನು ತಪ್ಪಿಸಬಾರದೆನ್ನುವುದು ಇದಕ್ಕಾಗಿಯೇ.

ಸಮಗ್ರ ತಪಾಸಣೆಯಲ್ಲಿ ವೈದ್ಯರು ಮೊದಲು ನೋವು, ಹಿಂದಿನ ಕಾಯಿಲೆ, ಸೇವಿಸುವ ಔಷಧಿಗಳನ್ನು ವಿಚಾರಿಸುತ್ತಾರೆ. ಬಳಿಕ ದವಡೆಯ ಕೀಲು, ತುಟಿ, ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ಒಸಡುಗಳನ್ನು ನೋಡುತ್ತಾರೆ. ಅಡಕೆಯ ನಾಡಾದ ಕಾಸರಗೋಡಿನಲ್ಲಿ ಕೆನ್ನೆಯ ಪರೀಕ್ಷೆ ಬರಿಯ ವಿಧಿಯಲ್ಲ; ಅಡಕೆ ಮೆಲ್ಲುವ ಚಟದಿಂದ ಒಳಪೊರೆ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗಬಹುದು. ಅನಂತರ ಪುಟ್ಟ ಕನ್ನಡಿ ಹಿಡಿದು ಒಂದೊಂದೇ ಹಲ್ಲಿನ ಪರೀಕ್ಷೆ. ಎಕ್ಸ್‌ರೇ ಎಲ್ಲರಿಗೂ ಬೇಕಿಲ್ಲ. ಹೊಸ ದವಡೆಹಲ್ಲಿನ ಆಳವಾದ ಗೀರುಗಳಿಗೆ ಸೀಲಂಟ್ ಎಂಬ ತೆಳುಲೇಪ ಹಚ್ಚಲು ಸೂಚಿಸಬಹುದು. ಅದಕ್ಕೆ ಚುಚ್ಚುಮದ್ದು ಬೇಡ, ನೋವೂ ಇಲ್ಲ. ಮಕ್ಕಳಿಗೆ ಇದನ್ನು ಮೊದಲೇ ಹೇಳಿದರೆ ಅರ್ಧ ಅಂಜಿಕೆ ಕಳೆಯುತ್ತದೆ.

ಭಾಷೆಯ ತೊಡಕು ಬೇರೆಯೇ ಇದೆ. ವೈದ್ಯರು ಮಲಯಾಳದಲ್ಲಿ ಕೇಳಿದಾಗ, ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ ಮಗು ಎಲ್ಲದಕ್ಕೂ ತಲೆಯಾಡಿಸಿಬಿಡಬಹುದು. ಆಗ ಇಲ್ಲದ ನೋವು ದಾಖಲಾಗುತ್ತದೆ, ಇರುವುದು ಬಿಟ್ಟುಹೋಗುತ್ತದೆ. ಮಲಯಾಳದ ‘ಪಲ್ಲ್’ ಹಳಗನ್ನಡದ ‘ಪಲ್’ನ ನೆಂಟನೆಂದು ತಿಳಿಸಿದರೆ ಪಕಾರ ಹಕಾರವಾದ ಪಾಠವೂ ಆಯಿತು. ‘ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ’, ‘ರಾತ್ರಿ ನೋವಿನಿಂದ ಎಚ್ಚರವಾಗುತ್ತದೆ’ ಎಂಬಂಥ ಮಾತುಗಳನ್ನು ಹಿಂದಿನ ದಿನವೇ ಮಕ್ಕಳಿಂದ ಕನ್ನಡದಲ್ಲಿ ಹೇಳಿಸಿ, ಅಧ್ಯಾಪಕರು ಮಲಯಾಳದಲ್ಲಿ ಚೀಟಿ ಬರೆದು ಕೊಡುವುದು ಉತ್ತಮ.

ವೈದ್ಯರ ಚೀಟಿಯಲ್ಲಿ ‘36’ ಎಂದಿದ್ದರೆ ಅದು ಹಲ್ಲಿನ ವಿಳಾಸ. ಮೊದಲ ಅಂಕಿ ಬಾಯಿಯ ನಾಲ್ಕು ಭಾಗಗಳಲ್ಲೊಂದನ್ನು, ಎರಡನೆಯದು ನಡುವಿನಿಂದ ಎಷ್ಟನೆಯ ಹಲ್ಲೆಂಬುದನ್ನು ಸೂಚಿಸುತ್ತದೆ. 16, 26, 36, 46 ಇವೇ ಆರನೆಯ ವರ್ಷದ ನಾಲ್ಕು ದವಡೆಹಲ್ಲುಗಳು. ಮೊದಲ ಅಂಕಿ 5ರಿಂದ 8ರವರೆಗೆ ಇದ್ದರೆ ಹಾಲುಹಲ್ಲು. ಗಣಿತದ ಅವಧಿಯಲ್ಲಿ ಕರಿಹಲಗೆಯ ಮೇಲೆ ಬಾಯಿಯ ಚಿತ್ರ ಬರೆದು ಈ ವಿಳಾಸಗಳನ್ನು ಹುಡುಕಿಸಬಹುದು. ಮನೆಗೆ ಚೀಟಿ ಕಳುಹಿಸುವಾಗ, ಹುಳುಕಾದುದು ಬೀಳುವ ಹಲ್ಲೋ ಬಾಳುವ ಹಲ್ಲೋ ಎಂಬುದನ್ನು ಅಧ್ಯಾಪಕರು ಅದರ ಬೆನ್ನಿನಲ್ಲಿ ಕನ್ನಡದಲ್ಲಿ ಬರೆಯತಕ್ಕದ್ದು.