ತಾರಾಮಂಡಲ ಗೆಲ್ಲುವ ಆಟ: ಕೊನೆಯ ಸರದಿವರೆಗೂ ಬೇಸರ ಬಾರದಂತೆ ಕಟ್ಟುವ ಬಗೆ

ಬಾಹ್ಯಾಕಾಶ ಸ್ಟ್ರಾಟಜಿ ಗೇಮ್‌ಗಳ ಹಣೆಬರಹ ಬಹುಪಾಲು ಒಂದೇ: ಮೊದಲ ತಾಸು ರೋಚಕ, ನಡುವಿನ ಎರಡು ತಾಸು ಬರೀ ದುಡಿತ, ಕೊನೆಯ ತಾಸು ಯಾರಿಗೂ ಬೇಡ. ಒಂದು ಗ್ರಹ, ಒಂದೆರಡು ಹಡಗು ಹಿಡಿದು ಹೊರಟ ಆಟಗಾರ ಹೊಸ ನಕ್ಷತ್ರಗಳನ್ನು ಹುಡುಕುತ್ತಾನೆ, ವಸಾಹತು ಹೂಡುತ್ತಾನೆ, ಅಲ್ಲಿನ ಸಂಪತ್ತು ಬಳಸಿಕೊಳ್ಳುತ್ತಾನೆ, ಎದುರಾಳಿಯನ್ನು ಬಗ್ಗುಬಡಿಯುತ್ತಾನೆ. 1993ರಲ್ಲಿ ‘ಮಾಸ್ಟರ್ ಆಫ್ ಓರಾಯನ್’ ಎಂಬ ಗೇಮ್ ಬಂದಾಗ ಅಮೆರಿಕದ ಬರಹಗಾರ ಅಲನ್ ಎಮ್ರಿಚ್ ಈ ನಾಲ್ಕು ಕೆಲಸಗಳನ್ನೇ ಹಿಡಿದು ಇಂಥ ಆಟಗಳಿಗೆ ‘ಫೋರ್ ಎಕ್ಸ್’ ಎಂಬ ಹೆಸರಿಟ್ಟರು. ತೊಡಕು ಹುಟ್ಟುವುದೂ ಇಲ್ಲೇ. ಹೊಸ ಘಟ್ಟದ ಕೆಲಸ ಬಂದು ಕೂತರೂ ಹಳೆಯದು ಕೈ ಬಿಡುವುದಿಲ್ಲ. ಹೊರೆ ಪೇರುತ್ತಲೇ ಹೋಗುತ್ತದೆ. ಪ್ರತಿ ಘಟ್ಟವೂ ಹೊಸದೊಂದನ್ನು ಕೊಡುವಾಗ ಹಳೆಯದೊಂದನ್ನು ಆಟಗಾರನ ಕೈಯಿಂದ ಇಳಿಸಿಕೊಳ್ಳುವಂತೆ ಆಟ ಕಟ್ಟಿದರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಪ್ರಾಜೆಕ್ಟ್‌ಗೆಂದು ಗೇಮ್ ಆರಿಸಿಕೊಳ್ಳುವ ವಿದ್ಯಾರ್ಥಿ ನೇರವಾಗಿ ಕೋಡ್ ಬರೆಯಲು ಕೂರಬಾರದು. ಕಾಕತಿಯ ಮನೆಯ ಪಡಸಾಲೆಯಾಗಲಿ, ಖಾನಾಪುರದ ಹಾಸ್ಟೆಲ್ ಕೋಣೆಯಾಗಲಿ, ಒಂದು ಡ್ರಾಯಿಂಗ್ ಶೀಟ್, ಬಳೆಚೂರು, ಹುಣಸೆ ಬೀಜ, ನಾಲ್ಕು ಕವಡೆ ಇದ್ದರೆ ಮಾದರಿ ಆಟ ಸಿದ್ಧ. ಶೀಟಿನ ಮೇಲೆ ಹನ್ನೆರಡು ನಕ್ಷತ್ರ ಬರೆದು ಗೆರೆಗಳಿಂದ ಜೋಡಿಸಬೇಕು. ಬಳೆಚೂರು ಹಡಗು, ಬೀಜ ವಸಾಹತು. ಮೂವರು ಆಡಲು ಕೂತರೆ ನಾಲ್ಕನೆಯವರು ಆಡದೆ ಬರೆದುಕೊಳ್ಳಬೇಕು.

ಬರೆದುಕೊಳ್ಳುವ ಹಾಳೆಯಲ್ಲಿ ಮೂರೇ ಕಾಲಂ. ಒಂದು ಸರದಿಯಲ್ಲಿ ಆಟಗಾರ ಎಷ್ಟು ವಸ್ತು ಮುಟ್ಟಿದ ಎಂಬುದು ಮೊದಲನೆಯದು. ಅವುಗಳಲ್ಲಿ ಎಷ್ಟರ ಬಗ್ಗೆ ನಿಜವಾಗಿ ಯೋಚಿಸಬೇಕಾಯಿತು ಎಂಬುದು ಎರಡನೆಯದು. ಮೂರನೆಯದು ಕಾಯುವಾಗ ಮೊಬೈಲ್ ಕೈಗೆತ್ತಿಕೊಂಡನೇ ಎಂಬುದು; ಎತ್ತಿಕೊಂಡಿದ್ದರೆ ಒಂದು ಗೆರೆ. ಆಡಿದವರನ್ನು ‘ಆಟ ಹೇಗಿತ್ತು’ ಎಂದು ಕೇಳಿದರೆ ಸ್ನೇಹಕ್ಕಾಗಿ ‘ಚಲೋ ಐತಿ’ ಎನ್ನುತ್ತಾರೆ. ಈ ಗೆರೆಗಳು ಮುಲಾಜು ನೋಡುವುದಿಲ್ಲ. ಮುಟ್ಟಿದ್ದು ಹದಿನೈದು, ಯೋಚಿಸಿದ್ದು ಎರಡು ಎಂದಾದರೆ ಆ ಸರದಿಯಲ್ಲಿ ಆಟವಿಲ್ಲ, ಗುಮಾಸ್ತಿಕೆ ಇದೆ.

ಆರಂಭ: ಕಾಯಿಸಬಾರದು

ಬಾಹ್ಯಾಕಾಶ ಯಾನದ ಬಹುಪಾಲು ಕಾಯುವಿಕೆ. 2013ರ ನವೆಂಬರ್ 5ರಂದು ಹೊರಟ ಇಸ್ರೊದ ಮಂಗಳಯಾನ ಮಂಗಳದ ಕಕ್ಷೆ ಸೇರಿದ್ದು 2014ರ ಸೆಪ್ಟೆಂಬರ್ 24ರಂದು. ಬೆಂಗಳೂರಿನಲ್ಲಿ ಕೂತು ಅದನ್ನು ನಡೆಸಿದವರಿಗೆ ಆ ತಿಂಗಳುಗಳು ಖಾಲಿಯಾಗಿರಲಿಲ್ಲ. ನೌಕೆಯ ಸ್ಥಿತಿ ನೋಡಿಕೊಳ್ಳುವುದು, ಪಥ ತಿದ್ದುವುದು ನಡೆದೇ ಇತ್ತು. ಆಟದಲ್ಲೂ ಪ್ರಯಾಣಕ್ಕೆ ಸಮಯ ಹಿಡಿಯಲಿ, ಆದರೆ ದಾರಿಯಲ್ಲಿ ಏನಾದರೂ ನಡೆಯುತ್ತಿರಲಿ. ಮೂರು ಸರದಿ ‘ಹಡಗು ಇನ್ನೂ ಬಂದಿಲ್ಲ’ ಎಂದು ಪಾಸ್ ಹೇಳಬೇಕಾದರೆ ಹೊಸ ಆಟಗಾರ ನಾಲ್ಕನೆಯ ಸರದಿಗೆ ಉಳಿಯುವುದಿಲ್ಲ.

ಈ ಘಟ್ಟದಲ್ಲಿ ಕುತೂಹಲವೇ ಬಂಡವಾಳ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2016ರಲ್ಲಿ ತಂದ ‘ಸ್ಟೆಲಾರಿಸ್’ನ ಆರಂಭವನ್ನು ಜನ ಮೆಚ್ಚಿದ್ದು ಇದೇ ಕಾರಣಕ್ಕೆ: ವಿಜ್ಞಾನ ನೌಕೆ ಹೋದಲ್ಲೆಲ್ಲ ಒಂದು ವಿಚಿತ್ರ, ಅದರ ಹಿಂದೊಂದು ಕಥೆ, ಕೊನೆಗೊಂದು ಆಯ್ಕೆ. ಕಾಗದದ ಮಾದರಿಯಲ್ಲಿ ಪ್ರತಿ ನಕ್ಷತ್ರದಡಿ ಒಂದು ಚೀಟಿ ಮಗುಚಿಟ್ಟರೆ ಸಾಕು. ಹಾಳುಬಿದ್ದ ಹಡಗು, ನೀರಿರುವ ಚಂದ್ರ, ಕಾವಲಿರುವ ಗಣಿ. ಚೀಟಿ ತೆರೆದವನಿಗೆ ಎರಡು ದಾರಿ ಇರಬೇಕು. ಸುಮ್ಮನೆ ‘ಐದು ಅಂಕ ಪಡೆ’ ಎಂದು ಬರೆದರೆ ಅದು ಲಾಟರಿ. ಸರದಿಗೆ ಎರಡು ಮೂರು ನಿಜವಾದ ಆಯ್ಕೆಗಳಿದ್ದರೆ ಆರಂಭಕ್ಕೆ ಸಾಕು.

ಘಟ್ಟದಿಂದ ಘಟ್ಟಕ್ಕೆ ಬಾಗಿಲು

ಘಟ್ಟ ಬದಲಾಯಿತೆಂದು ಆಟಗಾರನಿಗೆ ಗೊತ್ತಾಗಬೇಕು, ಅದೂ ತನ್ನ ನಡೆಯಿಂದಲೇ ಬದಲಾಯಿತೆಂದು ಅನಿಸಬೇಕು. ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ಚೌಕಾಬಾರಾದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಕಾಲಿಡುವಂತಿಲ್ಲ ಎಂಬ ನಿಯಮವನ್ನು ಬಹಳ ಮನೆಗಳಲ್ಲಿ ಪಾಲಿಸುತ್ತಾರೆ. ಇದೊಂದು ನಿಯಮದಿಂದಾಗಿ ಹೆದರಿ ಕಟ್ಟೆಯಲ್ಲೇ ಕೂತವನೂ ಹೊರಬಿದ್ದು ಕಾದಾಡಬೇಕಾಗುತ್ತದೆ. ಕಡಿದ ಮೇಲೆ ಅವನ ಗುರಿ ಕಾಯಿ ಹಣ್ಣು ಮಾಡುವತ್ತ ಹೊರಳುತ್ತದೆ.

ಹುಲಿ-ಕುರಿ ಆಟದ ಏರ್ಪಾಡು ಇನ್ನೂ ಚೊಕ್ಕ. ಮೂರು ಹುಲಿ, ಹದಿನೈದು ಕುರಿ, ಇಪ್ಪತ್ಮೂರು ಬಿಂದು. ಹದಿನೈದೂ ಕುರಿಗಳನ್ನು ಮಣೆಗಿಳಿಸುವ ತನಕ ಒಂದು ಕುರಿಯೂ ಕದಲುವಂತಿಲ್ಲ. ಅಷ್ಟರಲ್ಲಿ ಹುಲಿ ಓಡಾಡಿಕೊಂಡು ಸಿಕ್ಕಿದ್ದನ್ನು ಹಾರಿ ತಿನ್ನುತ್ತದೆ. ಕೊನೆಯ ಕುರಿ ಇಟ್ಟ ಕ್ಷಣಕ್ಕೆ ‘ಎಲ್ಲಿಡಲಿ’ ಎಂಬ ಪ್ರಶ್ನೆ ಪೂರ್ತಿ ಮುಗಿದು ‘ಯಾವುದನ್ನು ಸರಿಸಲಿ’ ಎಂಬುದು ಶುರು. ಹಳೆಯ ಕೆಲಸದ ಎಳೆಯೂ ಉಳಿಯುವುದಿಲ್ಲ. ಕೋಟಿಗಟ್ಟಲೆ ಸುರಿದು ಮಾಡಿದ ಎಷ್ಟೋ ಗೇಮ್‌ಗಳಿಗೆ ಇದು ಸಾಧ್ಯವಾಗಿಲ್ಲ.

ಬಾಹ್ಯಾಕಾಶ ಆಟಕ್ಕೆ ಇದನ್ನು ಹೀಗೆ ಅಳವಡಿಸಬಹುದು: ಒಬ್ಬನ ಹಡಗು ಇನ್ನೊಬ್ಬನ ಗಡಿ ಮುಟ್ಟಿದಾಗ ಅವರಿಬ್ಬರಿಗೂ ಮೊದಲ ಘಟ್ಟ ಮುಗಿಯಿತು. ಅಲ್ಲಿಂದ ಹುಡುಕಾಟದ ಹಡಗುಗಳು ನಕಾಶೆಯಿಂದ ಹೊರಕ್ಕೆ, ರಾಯಭಾರ ಮತ್ತು ಸೈನ್ಯ ಒಳಕ್ಕೆ.

ನಡುಘಟ್ಟದ ದುಡಿತ

ಆಟಗಳು ಸಾಯುವುದು ಇಲ್ಲಿ. ಎರಡು ಗ್ರಹವಿದ್ದಾಗ ಪ್ರತಿಯೊಂದಕ್ಕೂ ಕಾರ್ಖಾನೆ ಆರಿಸುವುದು ಸಂತೋಷ, ಇಪ್ಪತ್ತಾದಾಗ ಶಿಕ್ಷೆ. ‘ಮಾಸ್ಟರ್ ಆಫ್ ಓರಾಯನ್’ ಇದಕ್ಕೆ ಸರಳ ಉಪಾಯ ಹುಡುಕಿತ್ತು. ಪ್ರತಿ ಗ್ರಹಕ್ಕೂ ಐದೇ ಸ್ಲೈಡರ್: ಹಡಗು, ರಕ್ಷಣೆ, ಉದ್ಯಮ, ಪರಿಸರ, ಸಂಶೋಧನೆ. ಯಾವುದಕ್ಕೆ ಎಷ್ಟು ಪಾಲೆಂದು ಒಮ್ಮೆ ಸರಿಸಿಟ್ಟರೆ ಗ್ರಹ ತನ್ನಷ್ಟಕ್ಕೆ ನಡೆಯುತ್ತಿತ್ತು. ಅದೇ ಸರಣಿಯ 2003ರ ಮೂರನೆಯ ಆಟ ಇನ್ನೊಂದು ತುದಿಗೆ ಹೋಯಿತು. ಗ್ರಹಗಳನ್ನೆಲ್ಲ ಕಂಪ್ಯೂಟರಿನ ಅಧಿಕಾರಿಗಳೇ ನಡೆಸತೊಡಗಿ, ಆಟಗಾರನಿಗೆ ಅಂಕಿಅಂಶದ ಕೋಷ್ಟಕ ನೋಡುವುದಷ್ಟೇ ಉಳಿಯಿತೆಂದು ಅಭಿಮಾನಿಗಳೇ ಬೇಸತ್ತರು. ಹೊರೆ ಇಳಿಸುವುದೆಂದರೆ ಆಟವನ್ನೇ ಕಸಿದುಕೊಳ್ಳುವುದಲ್ಲ.

ವಿಲ್ ರೈಟ್ ಅವರ ‘ಸ್ಪೋರ್’ (2008) ಮತ್ತೊಂದು ಬಗೆಯ ಪಾಠ. ಜೀವಕೋಶದಿಂದ ತಾರಾಮಂಡಲದವರೆಗೆ ಅದಕ್ಕೆ ಐದು ಘಟ್ಟ. ಮೊದಲ ನಾಲ್ಕು ಬೇಗ ಮುಗಿದುಹೋಗುತ್ತವೆ, ಐದನೆಯದು ಮುಗಿಯುವುದೇ ಇಲ್ಲ. ಅಲ್ಲಿ ಇಡೀ ಸಾಮ್ರಾಜ್ಯಕ್ಕೆ ಆಟಗಾರನ ಒಂದೇ ನೌಕೆ ಕಾವಲು. ಹೊಸ ನಕ್ಷತ್ರದ ದಾರಿ ಹಿಡಿದರೆ ಹಿಂದಿನ ವಸಾಹತಿನಿಂದ ‘ದಾಳಿಯಾಗಿದೆ, ಬಾ’ ಎಂಬ ಕರೆ. ವಾಪಸು ಬಂದು ಮುಗಿಸುವಷ್ಟರಲ್ಲಿ ಇನ್ನೊಂದು. ಸಾಮ್ರಾಜ್ಯ ಬೆಳೆದಷ್ಟೂ ಓಡಾಟ ಜಾಸ್ತಿಯಾದರೆ ಬೆಳೆಯುವ ಆಸೆಯೇ ಸಾಯುತ್ತದೆ.

ಕಾಗದದ ಮಾದರಿಯಲ್ಲಿ ನಾಲ್ಕನೆಯ ವಸಾಹತು ಬಂದೊಡನೆ ಮೊದಲ ಮೂರನ್ನು ಒಟ್ಟುಗೂಡಿಸಿ ಒಂದು ‘ಪ್ರಾಂತ’ ಮಾಡಬೇಕು. ಪ್ರಾಂತಕ್ಕೆ ಒಂದೇ ಬೀಜ, ಒಂದೇ ಆದೇಶ. ಆಮೇಲೆ ಮತ್ತೆ ಹಾಳೆ ನೋಡಬೇಕು: ಮುಟ್ಟಿದ್ದು ಇಳಿದಿರಬೇಕು, ಯೋಚಿಸಿದ್ದು ಇಳಿದಿರಬಾರದು.

ಮುಗಿಸುವುದು

ಗೆಲ್ಲುವವರು ಯಾರೆಂದು ಎಲ್ಲರಿಗೂ ಗೊತ್ತಾದ ಮೇಲೆ ಆಟ ಹತ್ತು ನಿಮಿಷವೂ ನಡೆಯಬಾರದು. ‘ಮಾಸ್ಟರ್ ಆಫ್ ಓರಾಯನ್’ನಲ್ಲಿ ತಾರಾಮಂಡಲದ ಸಭೆ ಸೇರುತ್ತದೆ, ಮೂರನೇ ಎರಡರಷ್ಟು ಮತ ಬಿದ್ದವನೇ ದೊರೆ, ಕೊನೆಯ ಗ್ರಹದವರೆಗೂ ಬಡಿದಾಡಬೇಕಿಲ್ಲ. ‘ಟ್ವಿಲೈಟ್ ಇಂಪೀರಿಯಂ’ ಎಂಬ ಬೋರ್ಡ್ ಗೇಮ್‌ನಲ್ಲಿ ಸಾಮಾನ್ಯವಾಗಿ ಹತ್ತು ಅಂಕ ಮುಟ್ಟಿದವನು ಗೆದ್ದ. ‘ಸ್ಟೆಲಾರಿಸ್’ 2200ನೇ ಇಸವಿಯಲ್ಲಿ ಶುರುವಾಗಿ, ಆಟಗಾರ ಬದಲಿಸದಿದ್ದರೆ, 2400ರ ನಂತರ ಹೊರಗಿನಿಂದಲೋ ಒಳಗಿನಿಂದಲೋ ಒಂದು ಮಹಾಸಂಕಟವನ್ನು ತಂದಿಳಿಸುತ್ತದೆ. ಸೊಕ್ಕಿದ ಬಲಿಷ್ಠನಿಗೂ ಆಗ ಕೆಲಸ ಬೀಳುತ್ತದೆ. ಮೊದಲ ಆಟಕ್ಕೆ ಅಂಕದ ಉಪಾಯವೇ ಲೇಸು. ಮಹಾಸಂಕಟವನ್ನು ತೂಗಿಸುವುದು ನುರಿತವರಿಗೂ ಕಷ್ಟ.

ಸೋಲುತ್ತಿರುವವನನ್ನು ಏನು ಮಾಡುವುದು? ಅವನಿಗೆ ಪುಕ್ಕಟೆ ಹಡಗು ಕೊಟ್ಟರೆ ಮುಂದಿರುವವನಿಗೆ ಅನ್ಯಾಯ. ಬೇರೆ ಬಗೆಯ ನಡೆಗಳನ್ನು ಕೊಡಬೇಕು, ಮತ್ತು ಇದಕ್ಕೆ ಈ ಸೀಮೆಯ ಇತಿಹಾಸವೇ ಮಾದರಿ. ಕಾಕತಿಯ ಮಗಳು ಕಿತ್ತೂರು ಚೆನ್ನಮ್ಮನ ಪಡೆ 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯ ಸೈನ್ಯವನ್ನು ಸೋಲಿಸಿತು, ಥ್ಯಾಕರೆ ಸತ್ತ. ಡಿಸೆಂಬರ್ ಮೊದಲ ವಾರಕ್ಕೆಲ್ಲ ದೊಡ್ಡ ಫೌಜು ತಂದ ಕಂಪನಿ ಸರ್ಕಾರ ಕೋಟೆ ಹಿಡಿಯಿತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ನಕಾಶೆಯ ಲೆಕ್ಕದಲ್ಲಿ ಎಲ್ಲ ಮುಗಿದಿತ್ತು. ಆದರೂ ರಾಣಿಯ ಪಡೆಯ ಸಂಗೊಳ್ಳಿ ರಾಯಣ್ಣ ಖಾನಾಪುರದ ಕಾಡು ಹಿಡಿದ, ಕಚೇರಿಗಳಿಗೆ ಬೆಂಕಿ ಇಟ್ಟ, ಖಜಾನೆ ದೋಚಿದ. 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸುವವರೆಗೂ ಅವನ ಹೆಸರು ಕಂಪನಿಯ ನಿದ್ದೆಗೆಡಿಸಿತ್ತು.

ಇದನ್ನು ನಿಯಮವಾಗಿ ಬರೆಯುವುದು ಸುಲಭ. ಒಂದೇ ಗ್ರಹಕ್ಕೆ ಇಳಿದವನು ಹೊಸ ವಸಾಹತು ಹೂಡುವಂತಿಲ್ಲ, ಆದರೆ ಅವನ ಹಡಗುಗಳು ಇನ್ನು ಮುಂದೆ ಮಗುಚಿಟ್ಟ ಚೀಟಿಯಾಗಿ ಚಲಿಸುತ್ತವೆ. ಎಲ್ಲಿವೆಯೆಂದು ಬೇರೆಯವರಿಗೆ ಕಾಣುವುದಿಲ್ಲ. ಒಂದು ದಾಳಿ ಯಶಸ್ವಿಯಾದರೆ ಒಂದು ಅಂಕ. ಅವನು ಗೆಲ್ಲುವುದು ಅಪರೂಪ, ಆದರೆ ಯಾರು ಗೆಲ್ಲಬೇಕೆಂಬುದರಲ್ಲಿ ಅವನ ಕೈವಾಡ ಕೊನೆಯವರೆಗೂ ಇರುತ್ತದೆ.

ಇಷ್ಟಾದ ಮೇಲೆ ಹೊಸಬರನ್ನು ಕೂರಿಸಿ ಮತ್ತೆ ಆಡಿಸಬೇಕು, ಒಂದು ಸಲಕ್ಕೆ ಒಂದೇ ನಿಯಮ ಬದಲಿಸಬೇಕು. ಮೂವರ ಆಟ ತೊಂಬತ್ತು ನಿಮಿಷ ಮೀರಿದರೆ ನಕ್ಷತ್ರಗಳನ್ನು ಹನ್ನೆರಡರಿಂದ ಒಂಬತ್ತಕ್ಕೆ ಇಳಿಸಬೇಕು. ಮೂರನೆಯ ಕಾಲಂನ ಗೆರೆಗಳು ನಿಂತ ಮೇಲೆ ಕೋಡ್ ಬರೆಯಲು ಶುರುಮಾಡಬಹುದು.