ಥ್ಯಾಕರೆ ಪಾರ್ಟು, ಮಲ್ಲಪ್ಪಶೆಟ್ಟಿ ಪಾರ್ಟು

ತಮ್ಮಾ, ನಿಮ್ಮವ್ವ ಅಂಜ್ಯಾಳ. ಹುಡುಗ ರಾತ್ರಿ ಲ್ಯಾಪ್‌ಟಾಪ್ ಮುಂದ ಕುಂತು ಊರ ಸುಡತಾನ, ಕೇಳಿದ್ರ 'ನಾ ಕೆಟ್ಟವರ ಪಾರ್ಟಿ' ಅಂತ ನಗತಾನ, ಇವಂಗೇನರ ಗಾಳಿ ಬಡದೈತೇನು ಅಂತ ನನ್ನ ಕೇಳಿದ್ಳು. ಗಾಳಿ ಬಡದಿಲ್ಲವಾ, ನಾಟಕದ ಹುಚ್ಚು ಹಿಡದೈತಿ, ನಮ್ಮ ಮನಿತನಕ್ಕ ಅದು ಹೊಸಾದಲ್ಲ ಅಂದೆ. ಆಕಿಗೆ ಸಮಾಧಾನ ಆಗಲಿಲ್ಲ. ಅದಕ ನಿನಗೂ ನಾಕು ಮಾತು ಹೇಳೂದು ಬಂತು.

ನೀ ನನಗ ಕುಂಡ್ರಿಸಿ ತೋರಿಸಿದೆಲ್ಲಾ, 2011ರಾಗ ಬಂದ ಆ ಸ್ಟಾರ್ ವಾರ್ಸ್ ಆಟ. ಒಂದು ಕಡೆ ರಿಪಬ್ಲಿಕ್, ಇನ್ನೊಂದು ಕಡೆ ಸಿತ್ ಸಾಮ್ರಾಜ್ಯ. ನೀ ಸಿತ್. ಕರೀ ನಿಲುವಂಗಿ, ಕೆಂಪು ಬೆಳಕಿನ ಕತ್ತಿ, ಕೈಯಾಗಿಂದ ಸಿಡ್ಲು. ಯಾಕೋ ಅಂದ್ರ 'ಅಜ್ಜಾ, ಈ ಕಡೆ ಮಜಾ ಐತಿ' ಅಂದಿ. ನಾ ಬ್ಯಾರೆ ಕಾರಣ ಕೇಳಲಿಲ್ಲ. ಕೇಳೂ ಅವಶ್ಯಕತಿ ನನಗಿರಲಿಲ್ಲ.

ನಮ್ಮ ಕಡೆ ಕಿತ್ತೂರ ಚೆನ್ನಮ್ಮನ ನಾಟಕ ಎಷ್ಟು ಊರಾಗ ಆಗೇತೋ ಲೆಕ್ಕಿಲ್ಲ. ಪಾರ್ಟು ಹಂಚೂ ದಿನ ಬಂದು ನೋಡಬೇಕು ನೀ. ರಾಣಿ ಪಾರ್ಟಿಗೆ ಹೊರಗಿನಿಂದ ಕಲಾವಿದೆಯನ್ನ ಕರಸ್ತಾರ, ಅದರ ಮಾತಿಲ್ಲ. ರಾಯಣ್ಣ ಯಾರಂತ ಊರ ಹಿರ್ಯಾರು ಮೊದಲ ಠರಾಯಿಸಿರತಾರ. ಉಳಿದ ಹುಡುಗರೆಲ್ಲಾ ಕಾದು ಕುಂತಿರೂದು ಒಂದಕ್ಕ, ಥ್ಯಾಕರೆ. ಧಾರವಾಡದ ಕಲೆಕ್ಟರ್, 1824ರ ಅಕ್ಟೋಬರ್ 23ಕ್ಕ ಕಿತ್ತೂರ ಕೋಟಿ ಮುಂದ ಸತ್ತವ. ಯಾಕಂದ್ರ ಅವಂಗ ಬೂಟು ಅದಾವ, ಟೊಪಗಿ ಐತಿ, ಕೈಯಾಗ ಚಾಬೂಕು ಐತಿ. ಕನ್ನಡ ಹರಕಮುರಕ ಮಾತಾಡಿ ನಗಸೂ ಸಲಿಗಿ ಐತಿ. ಸ್ಟೇಜಿನ ಮ್ಯಾಲ ಠಕ್ ಠಕ್ ಬೂಟು ಬಡಕೋತ ಬಂದ್ರ ಹಿಂದಿನ ಸಾಲಿನ ಹುಡುಗರು ಸೀಟಿ ಹೊಡೀತಾರ. ನಾನೂ ಹರೇದಾಗ ಎರಡ್ಮೂರು ಸರ್ತಿ ಥ್ಯಾಕರೆ ಆಗೇನಿ. ಸಾಯೂ ಸೀನಿಗೆ ನನಗ ಆಯೇರಿ ಮಾಡ್ಯಾರ. ಸತ್ತು ಬಿದ್ದಾವನ ಅಂಗಿಗೆ ಪಿನ್ನು ಚುಚ್ಚಿ ನೋಟು ಹಚ್ಚಿದ್ರು, ಮಿಸುಕಾಡಂಗಿರಲಿಲ್ಲ.

ದಿನಾ ಹೊಲ, ಅಪ್ಪನ ಬೈಗಳ, ಸೊಸಾಯಿಟಿ ಸಾಲ, ಹಿರ್ಯಾರ ಮುಂದ ತಲಿ ತಗ್ಗಿಸೂದು. ಅಂಥಾವಂಗ ಒಂದು ರಾತ್ರಿ ಊರ ಗೌಡನ ಮುಂದನ ಬೂಟು ಬಡಕೋತ ಒದರಾಡೂ ಪರವಾನಗಿ ಸಿಕ್ತಂದ್ರ ಯಾರು ಬಿಡತಾರ? ನಿನಗೂ ಹಂಗ. ಮುಂಜಾನೆದ್ದು ಟ್ಯೂಶನ್ನು, ಆಮ್ಯಾಲ ಕಾಲೇಜು, ಸಂಜೀಕ ಮತ್ತ ಟ್ಯೂಶನ್ನು. ದಿನಾ ಪೂರ್ತಿ ಶಾಣ್ಯಾ ಆಗೇ ಇರಬೇಕು. ರಾತ್ರಿ ಒಂದು ತಾಸು ಸಿತ್ ಆಗೂದ್ರಾಗ ನನಗ ತಪ್ಪು ಕಾಣೂದಿಲ್ಲ.

ಕೆಟ್ಟವನ ಪಾರ್ಟಿಗೆ ಮಾತಿನ ತಾಕತ್ತು ಕೊಡೂದು ನಮ್ಮ ನಾಡಿನ ಹಳೇ ಚಾಳಿ. ರಾಮದುರ್ಗ ಬಿಟ್ಟು ಲೋಕಾಪುರ ದಾಟಿದ್ರ ಮುಧೋಳ, ರನ್ನನ ಊರು. ಸಾವಿರ ವರ್ಷದ ಹಿಂದ ಅವ ಬರದ ಕಾವ್ಯಕ್ಕ ಸಾಹಸಭೀಮವಿಜಯ ಅಂತ ಹೆಸರು. ಭೀಮನ್ನ ಹೊಗಳಾಕ, ಭೀಮನ ನೆವದಾಗ ತನ್ನ ರಾಜನ್ನ ಹೊಗಳಾಕ ಬರದದ್ದು. ಓದಿದವರ ಮನಸಿನ್ಯಾಗ ಉಳದಾವ ಯಾರು? ದುರ್ಯೋಧನ. ಗೊಡಚಿ ವೀರಭದ್ರನ ಮುಂದ ಪುರವಂತರು ಒಡಪು ಹೇಳೂದು ಕೇಳು. ದಕ್ಷನ ಸೊಕ್ಕು ಸರಿಯಾಗಿ ಏರದ ಹೊರ್ತು ವೀರಭದ್ರ ಇಳದು ಬರೂದಕ್ಕ ಕಳೆ ಇಲ್ಲ. ಕರಾವಳಿ ಕಡೆ ಯಕ್ಷಗಾನದಾಗ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹೆಸರು ಮಾಡಿದ್ದು ಕೀಚಕ, ಭಸ್ಮಾಸುರ ಆಗಿ. ಅವರಿಗೆ 2012ರಾಗ ಪದ್ಮಶ್ರೀ ಬಂತು. ಕೀಚಕನ ವೇಷ ಕಟ್ಟಿದ್ರು ಅಂತ ಅವರನ್ನ ಯಾರೂ ಕೆಟ್ಟವರು ಅನ್ನಲಿಲ್ಲ.

ಇನ್ನ ನಿನ್ನ ಗೆಳ್ಯಾ ಒಬ್ಬ ಅದಾನಲ್ಲಾ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡಾವ. ಹೋರ್ಡ್ ಕಡೆಯವರು ಕೆಟ್ಟವರಲ್ಲ, ನೆಲ ಕಳಕೊಂಡು ಸೆರಿಯಾಗ ಬಿದ್ದೆದ್ದು ಬಂದವರು ಅಂತ ನನಗ ವಾದ ಹಾಕಿದ. ಒಪ್ಪತೀನಿ. ಕಂಪನಿ ಸರ್ಕಾರದ ಲೆಕ್ಕದಾಗ ನಮ್ಮ ಸಂಗೊಳ್ಳಿ ರಾಯಣ್ಣನೂ ಕೆಟ್ಟವರ ಪಾರ್ಟಿನ. ಖಜಾನಿ ಲೂಟಿ ಮಾಡಿದ, ಕಚೇರಿ ಸುಟ್ಟ, 1831ರ ಜನವರಿ 26ಕ್ಕ ನಂದಗಡದಾಗ ಗಲ್ಲಿಗೆ ಹಾಕಿದ್ರು. ಹಂಗ ಆ ಕಡೆ ನೋಡಿದ್ರ, ಕಿತ್ತೂರಾಗ ಸೆರಿ ಸಿಕ್ಕ ಇಂಗ್ಲಿಷರೊಳಗ ವಾಲ್ಟರ್ ಎಲಿಯಟ್ ಅಂತ ಒಬ್ಬ ಹರೇದ ಅಧಿಕಾರಿ ಇದ್ದ. ಬಿಡುಗಡಿ ಆದ ಮ್ಯಾಲ ಈ ನಾಡಿನ ಶಾಸನಗಳ ನಕಲು ನೂರಾರು ಕೂಡಿಹಾಕಿದ. ಇವತ್ತಿಗೂ ಇತಿಹಾಸ ಓದಾವರಿಗೆ ಅವನ ಹೆಸರು ಬೇಕು. ಯಾವ ಪಾರ್ಟಿಯಾಗ ಅದಾನ ಅನ್ನೂದರಿಂದಷ್ಟ ಮನಷ್ಯಾನ್ನ ಅಳ್ಯಾಕ ಬರೂದಿಲ್ಲ. ಆದ್ರ ಇದನ್ನ ಭಾಳ ಜಗ್ಗಬ್ಯಾಡ್ರಿ. ನಿನ್ನ ಸಿತ್ ಮಂದಿ ಆಳ ಇಟಕೋತಾರ, ಮಂದೀನ್ನ ಮಾರತಾರ. ಅವರನ್ನ 'ತಪ್ಪು ತಿಳಕೊಂಡಾರ, ಪಾಪ' ಅಂತ ತೊಳದು ಬೆಳ್ಳಗ ಮಾಡಾಕ ಹೋಗಬ್ಯಾಡ. ಕೆಟ್ಟವನ ಪಾರ್ಟು ಹಾಕಿದ್ರ ಕೆಟ್ಟವನಾಗೇ ಆಡು. ಥ್ಯಾಕರೆನ್ನ ಒಳ್ಳ್ಯಾವ ಮಾಡಿದ್ರ ನಾಟಕ ಸಪ್ಪ ಆಗತೈತಿ.

ನನಗ ಅಂಜಿಕಿ ಇರೂದು ಬ್ಯಾರೆ ಕಡೆ.

ಸಂಗ್ಯಾ-ಬಾಳ್ಯಾ ಸಣ್ಣಾಟ ಗೊತ್ತಲ್ಲಾ. ನಮ್ಮ ಬೈಲಹೊಂಗಲದಾಗ ನಡದದ್ದು ಅಂತನ ಮಂದಿ ಹೇಳೂದು. ಅದ್ರಾಗ ಸಂಗ್ಯಾ ಗಂಗಿ ಅನ್ನೂ ಮಂದಿ ಹೇಣ್ತಿ ಮ್ಯಾಲ ಕಣ್ಣ ಹಾಕ್ತಾನ, ಆಕಿ ಗಂಡ ಈರ್ಯಾ ಅವನ್ನ ಕೊಲಿ ಮಾಡಸ್ತಾನ. ತಪ್ಪು ಮಾಡದಾವ್ರು ಆ ಆಟದಾಗ ಭಾಳ ಮಂದಿ ಇಲ್ಲ. ಆದ್ರ ಊರ ಮಂದಿ ಇವತ್ತಿಗೂ ಬೈಯೂದು ಬಾಳ್ಯಾನ್ನ. ಸಂಗ್ಯಾನ ಜೋಡಿ ಒಂದ ತಾಟಿನ್ಯಾಗ ಉಂಡು, ಅವನ ಗುಟ್ಟೆಲ್ಲಾ ಹೊಟ್ಟ್ಯಾಗ ಇಟಕೊಂಡು, ಕಡೀಕ ವೈರಿ ಕೈಗೆ ಕೊಟ್ಟಾವ. ಕಿತ್ತೂರಿನ ನಾಟಕದಾಗೂ ಹಂಗ. ಥ್ಯಾಕರೆ ಬಂದ್ರ ಸೀಟಿ, ರಾಣಿ ಕಡೆನ ಇದ್ದು ದ್ರೋಹ ಮಾಡಿದ ಮಲ್ಲಪ್ಪಶೆಟ್ಟಿ ಬಂದ್ರ ಥೂ. ಒಳಗಿನವರ ಮದ್ದಿನ್ಯಾಗ ಸೆಗಣಿ ಕಲಿಸಿದ್ರು ಅಂತ ಹಳ್ಳಿ ಮುದುಕ್ಯಾರು ಈಗಲೂ ಹಲ್ಲ ಕಡೀತಾರ.

ನಿಮ್ಮ ಆಟದ ಲೋಕದಾಗೂ ಬಾಳ್ಯಾಗೋಳು ಅದಾರ. ಈವ್ ಆನ್‌ಲೈನ್ ಅಂತ 2003ರಿಂದ ನಡೆಯೂ ಒಂದು ಆಟ ಐತಿ, ಆಕಾಶದಾಗ ಹಡಗ ಓಡಸೂದು. 2005ರಾಗ ಅದ್ರಾಗ ಒಂದು ಟೋಳಿ, ಇನ್ನೊಂದು ಕಂಪನಿಯೊಳಗ ತನ್ನ ಮಂದೀನ್ನ ಸುಮಾರು ಒಂದು ವರ್ಷ ಗೆಳ್ಯಾರಂಗ ಸೇರಿಸಿ, ನಂಬಿಕಿ ಗಳಿಸಿ, ಒಂದ ದಿನ ಒಡತಿ ಹಡಗ ಒಡದು ಉಗ್ರಾಣ ಖಾಲಿ ಮಾಡಿತು. ಲೂಟಿ ಆದ ಮಾಲಿಗೆ ಹೊರಗ ಸಾವಿರಾರು ಡಾಲರ್ ಕಿಮ್ಮತ್ತು ಕಟ್ಟಿದ್ರು. ಆಟದ ಕಾಯ್ದೆ ಪ್ರಕಾರ ಅದು ತಪ್ಪಲ್ಲಂತ. ಇರವಲ್ದ್ಯಾಕ. ಬುದ್ಧಿ ಮೆಚ್ಚಬೇಕಾದ್ದನ. ಆದ್ರ ಆ ವರ್ಷದಾಗ ದಿನಾ ರಾತ್ರಿ 'ಊಟಾತೇನು' ಅಂತ ಕೇಳಿದ್ದು ಪಾತ್ರ ಕೇಳಿದ್ದೋ, ಮನಷ್ಯಾ ಕೇಳಿದ್ದೋ? ನಾಟಕದಾಗ ಮಲ್ಲಪ್ಪಶೆಟ್ಟಿ ದ್ರೋಹ ಮಾಡೂದು ರಾಣಿ ಪಾರ್ಟಿನವ್ರಿಗೆ ತಾಲೀಮಿನ್ಯಾಗನ ಗೊತ್ತಿರತೈತಿ. ಇಬ್ಬರೂ ಕೂಡಿ ಮಾತು ಕಲತಿರತಾರ, ಪರದೆ ಬಿದ್ದ ಮ್ಯಾಲ ಕೂಡೇ ಚಾ ಕುಡೀತಾರ. ನಿಮ್ಮ ಆಟದಾಗ ಎದರಿನವಗ ಗೊತ್ತಿರೂದಿಲ್ಲ. ಅವಂಗ ಪರದೆ ಬೀಳೂದ ಇಲ್ಲ.

ಹಂಗಾಗಿ ನಿನ್ನ ಸಿತ್ ಪಡಿಯಾಗ ನೀ ಕೊಟ್ಟ ಮಾತು ಗಟ್ಟಿ ಇರಲಿ. ಎಂಟಕ್ಕ ಬರ್ತೀನಿ ಅಂದ್ರ ಎಂಟಕ್ಕ ಹೋಗು, ಲೂಟಿ ಹಂಚೂ ಮುಂದ ಸರಿಯಾಗಿ ಹಂಚು. ಕೆಟ್ಟವರ ಪಡಿ ನಡಿಯೂದ ಒಳಗಿನ ನಂಬಿಕಿ ಮ್ಯಾಲ. ಆ ಪಡಿಯ ಮುಖಂಡ ಅಂತ ಯಾರರ ಒಟಿಪಿ ಕೇಳಿದ್ರ ಮಾತ್ರ ಕೊಡಬ್ಯಾಡ, ಅವ ಪಾತ್ರ ಅಲ್ಲ, ಖರೇ ಕಳ್ಳ.

ಮತ್ತೊಂದು. ರಿಚರ್ಡ್ ಬಾರ್ಟಲ್ ಅಂತ ಇಂಗ್ಲೆಂಡಿನವ, ಇಂಥಾ ಆಟ ಮೊದಲ ಕಟ್ಟಿದವರೊಳಗ ಒಬ್ಬ. 1996ರಾಗ ಆಟಗಾರರನ್ನ ನಾಕು ಜಾತಿ ಮಾಡಿ ಬರದ. ಗಳಸಾವ್ರು, ಹುಡುಕಾಡಾವ್ರು, ಮಾತಿಗೆ ಬರಾವ್ರು, ಕೊಲ್ಲಾಕ ಬರಾವ್ರು. ಕಡೀ ಜಾತಿ ಹೆಚ್ಚಾತಂದ್ರ ಮಾತಿಗೆ ಬಂದವರು ಜಾಗಾ ಖಾಲಿ ಮಾಡತಾರ ಅಂತ ಅವನ ಲೆಕ್ಕ. ಮೊನ್ನಿ ನೀ ಒಬ್ಬ ಹೊಸಬನ್ನ ಹುಟ್ಟಿದ ಹುಟ್ಟಿದಂಗ ಕೊಂದಿ, ನಕ್ಕಿ. ಅವ ಸವದತ್ತ್ಯಾಗಿನ ಎಂಟನೇ ಇಯತ್ತೆ ಹುಡುಗ ಇರಬಹುದು, ಅಣ್ಣನ ಕಂಪ್ಯೂಟರಿನ ಮುಂದ ಮೊದಲನೇ ದಿನ ಕುಂತಿರಬಹುದು. ಖಳನಾಯಕ ಅಂದ್ರ ಎದರಿನವನ ಕತಿಗೆ ಒಂದು ಸೀನು ಕೊಡಾವ. ಅಂಜಸು, ಸವಾಲ್ ಹಾಕು, 'ಬೆಳದು ಬಾ, ಕಾಯ್ತೀನಿ' ಅಂತ ಡೈಲಾಗ್ ಹೊಡದು ಬಿಟ್ಟು ಕಳಸು. ಅವ ಮುಂದ ಖರೇನ ಬರತಾನ ನೋಡು. ಇನ್ನ ಬೈಗಳ. ಪಾತ್ರದ ಬಾಯಾಗ ಎಷ್ಟರ ಬೈ, ಜಾತಿ ಎತ್ತಿ, ಅವ್ವ-ತಂಗ್ಯಾರನ್ನ ಎತ್ತಿ ಬೈದ್ರ ಅದು ಪಾತ್ರ ಅಲ್ಲ, ನೀನ. ನಮ್ಮ ನಾಟಕದ ಮಾಸ್ತರ್ರು ಅಂಥಾ ಮಾತು ತಾಲೀಮಿನ್ಯಾಗ ಬಂದ್ರ ಪೇಟಿ ಬಂದ್ ಮಾಡಿ ಎದ್ದು ಹೋಗತಿದ್ರು.

ನಿಮ್ಮವ್ವಗ ನಾ ಹೇಳತೀನಿ. ನೀನೂ ಒಂದ ಸರ್ತಿ ಆಕಿನ್ನ ಪಕ್ಕಕ್ಕ ಕುಂಡ್ರಿಸಿಕೊಂಡು ಆ ಸಿಡ್ಲು ಬಿಡೂದು ತೋರ್ಸು.

ಬರೂ ಜಾತ್ರಿಗೆ ಚೆನ್ನಮ್ಮನ ನಾಟಕ ಮತ್ತ ಹಿಡದಾರ. ಥ್ಯಾಕರೆ ಪಾರ್ಟಿಗೆ ಈಗ ಐದು ಮಂದಿ ಹೆಸರ ಕೊಟ್ಟಾರ, ಒಬ್ಬ ಆಗಲೇ ಬೂಟು ತಂದಿಟ್ಟಾನ. ಮಲ್ಲಪ್ಪಶೆಟ್ಟಿಗೆ ಎಲ್ಲಾರೂ ಒಲ್ಲೆ ಅಂತಾರ. ರಾಣಿ ಮುಂದ ಕೈ ಮುಗೀಬೇಕು, ಕಣ್ಣಾಗ ಮಾತ್ರ ಬ್ಯಾರೆ ಇರಬೇಕು. ಬೂಟಿಲ್ಲ, ಟೊಪಗಿ ಇಲ್ಲ, ಆಯೇರಿ ಅಂತೂ ಬರೂದಿಲ್ಲ, ಬಂದ್ರ ಚಪ್ಪಲಿ. ನಿನ್ನ ಹೆಸರ ಹೇಳೇನಿ. ತಾಲೀಮು ಐತಾರ ರಾತ್ರಿ ಎಂಟಕ್ಕ, ಹನಮಪ್ಪನ ಗುಡಿಯಾಗ. ಊಟ ಮಾಡ್ಕೊಂಡ ಬಾ, ಅಲ್ಲಿ ಬರೇ ಚಾ ಕೊಡತಾರ.